ಪದಚರ್ಚೆ: ‘ಆಲ್ತೆಪೆತ್ಲ್’ಗೆ ‘ನೀರುಬೆಟ್ಟ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮೆಕ್ಸಿಕೋದ ತೆಪೊಸ್ತ್ಲಾನ್ ಎಂಬ ಊರಿನ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಲಹೆ ಬೇಕು.

ಮೊದಲನೆಯದು ಸ್ಪ್ಯಾನಿಷಿನ ‘ಮುನಿಸಿಪಿಯೊ’. ಸುಮ್ನೆ ‘ಪುರಸಭೆ’ ಎಂದು ಬರೆದು ಮುಂದೆ ಹೋಗಿದ್ದೆ. ಆಮೇಲೆ ತಪ್ಪು ಅನ್ನಿಸಿತು. ನಮ್ಮ ಪುರಸಭೆ ಪಟ್ಟಣವನ್ನಷ್ಟೇ ನೋಡಿಕೊಳ್ಳುತ್ತದೆ. ಮುನಿಸಿಪಿಯೊ ಹಾಗಲ್ಲ. ಅದರಲ್ಲಿ ಮುಖ್ಯ ಊರು, ಸುತ್ತಲಿನ ಹಳ್ಳಿ, ಹೊಲ, ಕಾಡು, ಬೆಟ್ಟ ಎಲ್ಲ ಸೇರುತ್ತವೆ. ಹರವಿನಲ್ಲಿ ನಮ್ಮ ತಾಲೂಕಿಗೆ ಹತ್ತಿರ. ಆದರೆ ಜನರೇ ಆರಿಸಿದ ಅಧ್ಯಕ್ಷ ಅದನ್ನು ಆಳುತ್ತಾನೆ. 1917ರ ಸಂವಿಧಾನದ 115ನೇ ವಿಧಿ ‘ಸ್ವತಂತ್ರ ಮುನಿಸಿಪಿಯೊ’ವನ್ನೇ ಆಡಳಿತದ ಬುನಾದಿ ಎನ್ನುತ್ತದೆ. ನೆಲಕ್ಕೆ ‘ಸೀಮೆ’, ಆಳುವ ಮಂಡಳಿಗೆ ‘ಪುರಸಭೆ’ ಅಂದರೆ ಹೇಗೆ?

‘ಸೀಮೆ’ ಯಾಕೆ ಅಂದರೆ, ಮುನಿಸಿಪಿಯೊದ ಅಡಿಯಲ್ಲಿ ಇನ್ನೂ ಹಳೆಯ ಪದವೊಂದಿದೆ. ನಾನು ನಿಂತ ಎರಡನೆಯ ಪದ ಅದೇ. ಸ್ಪ್ಯಾನಿಷರು ಬರುವ ಮೊದಲು ಅಲ್ಲಿನ ಮೂಲನಿವಾಸಿಗಳಾದ ನಾವಾ ಜನರ ಪ್ರತಿ ಸೀಮೆಯೂ ಒಂದು ‘ಆಲ್ತೆಪೆತ್ಲ್’. ‘ಆತ್ಲ್’ ಅಂದರೆ ನೀರು, ‘ತೆಪೆತ್ಲ್’ ಅಂದರೆ ಬೆಟ್ಟ. ಎರಡೂ ಕೂಡಿದರೆ ನೀರೂ ಅಲ್ಲ, ಬೆಟ್ಟವೂ ಅಲ್ಲ. ಊರು, ಅಲ್ಲಿನ ಜನ, ಅವರ ನೆಲ, ಅವರ ಅರಸೊತ್ತಿಗೆ. ಅರಸನಿಗೆ ‘ತ್ಲಾತೊಆನಿ’ ಎನ್ನುತ್ತಿದ್ದರು, ಅಂದರೆ ಮಾತಾಡುವವನು. ಎಂಥ ಪದ ಅಲ್ವಾ! ಸ್ಪ್ಯಾನಿಷರು ಎಷ್ಟೋ ಕಡೆ ಈ ಹಳೆಯ ಸೀಮೆಗಳ ಮೇಲೆಯೇ ತಮ್ಮ ಆಡಳಿತ ಕಟ್ಟಿಕೊಂಡರು.

ಹೀಗೆ ಜೋಡಿಸಿ ಮೂರನೆಯ ಅರ್ಥ ಹುಟ್ಟಿಸುವುದು ನಮಗೆ ಹೊಸದಲ್ಲ. ‘ಮನೆಮಠ ಇಲ್ಲದವನು’ ಅಂದಾಗ ಯಾರೂ ಮಠ ಹುಡುಕುವುದಿಲ್ಲ. ‘ಹೊಲಮನೆ’ ಅಂದರೆ ಇಡೀ ಬದುಕು. ನಾವಾ ಜನರ ನುಡಿಯಾದ ನಾವಾಟ್ಲಿನಲ್ಲಿ ‘ಹೂವು, ಹಾಡು’ ಎಂದು ಜೊತೆಯಾಗಿ ಹೇಳಿದರೆ ಕವಿತೆ. ಹಾಗಾಗಿ ‘ಆಲ್ತೆಪೆತ್ಲ್’ಗೆ ಕನ್ನಡದ ಜೋಡುನುಡಿಯೇ ಬೇಕು ಎಂದು ನನ್ನ ಆಸೆ. ‘ನೀರ್ಬೆಟ್ಟ’ ಬರೆದು ನೋಡಿದೆ. ಅದು ನೀರಿರುವ ಬೆಟ್ಟ ಎಂದೇ ಕೇಳಿಸುತ್ತದೆ. ‘ನೀರುಬೆಟ್ಟ’ ಅಂದರೆ ‘ಊರುಕೇರಿ’ಯ ಹಾಗೆ ಎರಡೂ ಸಮನಾಗಿ ನಿಲ್ಲುತ್ತವೆ.

ತೆಪೊಸ್ತ್ಲಾನಿಗಂತೂ ಈ ಪದ ಹೇಳಿ ಮಾಡಿಸಿದಂತಿದೆ. ಮೊರೆಲೋಸ್ ರಾಜ್ಯದ ಈ ಊರಿನ ನೆತ್ತಿಯ ಮೇಲೇ ಕಡಿದಾದ ಬಂಡೆಬೆಟ್ಟ. ಅದರ ತುದಿಯಲ್ಲಿ ತೆಪೊಸ್ತೆಕಾತ್ಲ್ ದೇವರ ಪುಟ್ಟ ಗುಡಿ. ಕತ್ತಾಳೆ ಜಾತಿಯ ಗಿಡದ ರಸ ಹುಳಿಸಿ ಮಾಡುವ ‘ಪುಲ್ಕೆ’ ಎಂಬ ಹೆಂಡದ ದೇವರು ಅವನು. ‘ತೆಪೊಸ್ತ್ಲಿ’ ಅಂದರೆ ತಾಮ್ರ, ‘ತ್ಲಾನ್’ ಅಂದರೆ ಅದಿರುವ ಜಾಗ. 16ನೇ ಶತಮಾನದ ಮೆಂಡೋಜಾ ಹಸ್ತಪ್ರತಿಯಲ್ಲಿ ಈ ಊರಿನ ಗುರುತು ಬೆಟ್ಟದ ಮೇಲೊಂದು ತಾಮ್ರದ ಕೊಡಲಿ. 1521ರಲ್ಲಿ ಸ್ಪ್ಯಾನಿಷ್ ದಂಡಿನ ನಾಯಕ ಕೊರ್ತೆಸ್ ಈ ಊರನ್ನು ಸುಟ್ಟ. ಆಮೇಲೆ ಡೊಮಿನಿಕನ್ ಪಾದ್ರಿಗಳ ಮಠ ಬಂತು. ಅದು 1994ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹಳ್ಳಿಗಳ ಹೆಸರಿಗೆ ಸಂತರು ಸೇರಿಕೊಂಡರು, ಆದರೆ ನಾವಾಟ್ಲ್ ಅಳಿಯಲಿಲ್ಲ. ‘ಸ್ಯಾನ್ ಹ್ವಾನ್ ತ್ಲಾಕೊತೆಂಕೊ’ ನೋಡಿ.

1995ರಲ್ಲಿ ಇಲ್ಲಿ ಗಾಲ್ಫ್ ಮೈದಾನ ಮಾಡಲು ಹೊರಟಾಗ ಜನ ತಿರುಗಿಬಿದ್ದರು. ನಮ್ಮ ನೆಲ, ನಮ್ಮ ನೀರು ಎಂಬುದೇ ಅವರ ವಾದ. ಆಡಳಿತದವರನ್ನು ಹೊರಹಾಕಿ ‘ಸ್ವತಂತ್ರ ಮುನಿಸಿಪಿಯೊ’ ಎಂದು ಸಾರಿದರು. ಮರುವರ್ಷ ಯೋಜನೆ ಬಿದ್ದುಹೋಯಿತು. ಈ ಭಾಗ ಬರೆಯುವಾಗ ‘ಪುರಸಭೆ’ ತೀರಾ ಸಪ್ಪೆ ಎನಿಸುತ್ತದೆ. ‘ಸ್ವತಂತ್ರ ಸೀಮೆ’ ಅಂದರೆ ಸ್ವಲ್ಪ ಉಸಿರು ಬರುತ್ತದೆ.

ಕೊನೆಗೊಂದು ಸಣ್ಣ ಕೇಳ್ವಿ. ಪದದ ಕೊನೆಯ ಆ ಸದ್ದನ್ನು ನಾನು ‘ತ್ಲ್’ ಎಂದು ಬರೆಯುತ್ತಿದ್ದೇನೆ. ‘ನಾವಾಟ್ಲ್’ ಮಾತ್ರ ರೂಢಿಯಿಂದ ‘ಟ್ಲ್’ ಆಗಿದೆ. ಎಲ್ಲ ಕಡೆ ಒಂದೇ ಬರಹ ಇರಲಿ ಅಂದರೆ ‘ನಾವಾತ್ಲ್’ ಎಂದು ತಿದ್ದಲೇ? ‘ನೀರುಬೆಟ್ಟ’ ನಿಮ್ಮ ಕಿವಿಗೆ ಹೇಗೆ ಕೇಳಿಸಿತು, ಅದನ್ನೂ ತಿಳಿಸಿ.