ಯೆಜ್ಡಿ ರೋಡ್‌ಕಿಂಗ್‌ಗೆ ಆರ್‌ಸಿ 390 ಫೋರ್ಕ್ ಕೂರುತ್ತಾ?

ಪ್ರಶ್ನೆ (ಹಾಸನದಿಂದ):
ನಮಸ್ಕಾರ ಅಣ್ಣ. ಅಪ್ಪ 1984ರಲ್ಲಿ ತಗೊಂಡಿದ್ದ ರೋಡ್‌ಕಿಂಗ್ ಈಗ ನನ್ನ ಕೈಗೆ ಬಂದಿದೆ. ಇಂಜಿನ್ ಕೆಲಸ ಮುಗಿದಿದೆ, ಚೆನ್ನಾಗಿ ಎಳೀತಿದೆ. ಆದರೆ ಸಕಲೇಶಪುರದಿಂದ ಘಾಟ್ ಇಳಿಯುವಾಗ ಬ್ರೇಕ್ ಹಿಡಿದರೆ ಮುಂಭಾಗ ಕುಸಿದು ಟಕ್ ಅನ್ನುತ್ತೆ. ಗುಂಡಿ ಸಿಕ್ಕರೆ ಹ್ಯಾಂಡಲ್ ಅದುರುತ್ತೆ. ಪರಿಚಯದವರ ಹತ್ತಿರ ಕೆಟಿಎಂ ಆರ್‌ಸಿ 390ರ ಮುಂಭಾಗ ಪೂರ್ತಿ ಇದೆ: ಯುಎಸ್‌ಡಿ ಫೋರ್ಕ್ (ದಪ್ಪ ಕೊಳವೆ ಮೇಲಿರುವ ತಲೆಕೆಳಗಾದ ಫೋರ್ಕ್), ಟೀ (ಫೋರ್ಕಿನ ಎರಡೂ ಕಾಲನ್ನು ಹಿಡಿಯುವ ಮೇಲಿನ, ಕೆಳಗಿನ ಪಟ್ಟಿ), ಚಕ್ರ, ಡಿಸ್ಕ್ ಎಲ್ಲಾ. ಲೇತ್‌ನವರು ಸ್ಟೆಮ್ (ಹ್ಯಾಂಡಲ್ ತಿರುಗುವ ನಡುವಿನ ಶಾಫ್ಟ್) ಒಂದು ಬದಲಾಯಿಸಿದರೆ ಆಯ್ತು ಅಂತಾರೆ. ಹಾಕಿಸಲಾ?

ಉತ್ತರ (ಮೈಸೂರು, ಹಳೇ ಗಾಡಿ ಕೆಲಸದವರು):
ಲೇತ್‌ನವರು ಹೇಳಿದ್ದು ಸುಳ್ಳಲ್ಲ ತಮ್ಮ. ಕೆಟಿಎಂ ಕೆಳಗಿನ ಟೀಯಿಂದ ಸ್ಟೆಮ್ ಪ್ರೆಸ್‌ನಲ್ಲಿ ತಳ್ಳಿಸಿ ತೆಗೆದು, ನಿಮ್ಮ ಫ್ರೇಮಿನ ಕತ್ತಿನ (ಸ್ಟೆಮ್ ಕೂರುವ ಮುಂದಿನ ಕೊಳವೆಯ) ಅಳತೆಗೆ ಬೇರೆ ಸ್ಟೆಮ್ ಲೇತ್‌ನಲ್ಲಿ ಮಾಡಿಸಿ ಹಾಕಿದರೆ ಕೂರುತ್ತೆ. ಆದರೆ ಕೂತಿದ್ದೆಲ್ಲ ನೆಟ್ಟಗೆ ಓಡಲ್ಲ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಡಬಲ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಫೋರ್ಕಿನ ತಳ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಸಡಿಲ ಇದೆಯಾ ನೋಡಿ. ಆಮೇಲೆ ಹ್ಯಾಂಡಲನ್ನು ಒಂದು ಬೆರಳಲ್ಲಿ ನಿಧಾನ ತಿರುಗಿಸಿ. ನಡುವೆ ಬಂದಾಗ ಗೂಟಕ್ಕೆ ಬಿದ್ದ ಹಾಗೆ ನಿಂತರೆ ಕೋನ್ ಸೆಟ್ (ಕತ್ತಿನ ಬಟ್ಟಲು, ಬಾಲ್ ಇರುವ ಬೇರಿಂಗ್) ಹೋಗಿದೆ ಅಂತ. ಬಿಚ್ಚಿ ನೋಡಿದರೆ ಬಟ್ಟಲಿನ ಒಳಗೆ ಬಾಲ್ ಕೂತ ಜಾಗದಲ್ಲೆಲ್ಲ ಸಣ್ಣ ಸಣ್ಣ ಕುಳಿ ಸಾಲಾಗಿರುತ್ತೆ, ಉಗುರಿಗೆ ಸಿಗುತ್ತೆ. ನಿಮ್ಮ ಹ್ಯಾಂಡಲ್ ಅದುರೋದು ಬಹುಪಾಲು ಅದರಿಂದಲೇ. ಟಕ್ ಅನ್ನೋದು ನಲವತ್ತು ವರ್ಷದ ಸ್ಪ್ರಿಂಗ್ ಕುಗ್ಗಿ, ಆಯಿಲ್ ನೀರಾಗಿರೋದಕ್ಕೆ. ಇವು ಮೂರನ್ನೂ ಸರಿ ಮಾಡದೆ ಫೋರ್ಕನ್ನು ಬೈಯುವುದು ನ್ಯಾಯ ಅಲ್ಲ.

ಇಷ್ಟಾದ ಮೇಲೂ ಆಸೆ ಇದ್ದರೆ ಫೋರ್ಕಿನ ದಪ್ಪ ನೋಡಬೇಡಿ, ಟೀ ನೋಡಿ. ಹ್ಯಾಂಡಲ್ ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೂ ಎಳೆದುಕೊಳ್ಳಿ. ಟೈರ್ ನೆಲ ಮುಟ್ಟೋದು ಆ ಗೆರೆಗಿಂತ ಸ್ವಲ್ಪ ಹಿಂದೆ. ಆ ಅಂತರವೇ ಟ್ರೇಲ್. ಗಾಡಿಯನ್ನು ನೆಟ್ಟಗೆ ಹಿಡಿಯೋದು ಅದೇ. ಕಮ್ಮಿಯಾದರೆ ಹ್ಯಾಂಡಲ್ ಚಂಚಲ, ಜಾಸ್ತಿಯಾದರೆ ತಿರುವಿನಲ್ಲಿ ಎಮ್ಮೆ ಎಳೆದ ಹಾಗೆ. ಸ್ಟೆಮ್ಮಿನಿಂದ ಫೋರ್ಕ್ ಎಷ್ಟು ಮುಂದೆ ನಿಂತಿದೆ ಅನ್ನೋದು ಆಫ್‌ಸೆಟ್. ಹಳೇ ಗಾಡಿಗಳಲ್ಲಿ ಇದು ಜಾಸ್ತಿ, ಈಗಿನ ಸ್ಪೋರ್ಟ್ಸ್ ಬೈಕ್‌ಗಳಲ್ಲಿ ಬಹಳ ಕಮ್ಮಿ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳಿ. ಕತ್ತಿನ ಓರೆ (ನೇರ ನಿಲುವಿನಿಂದ ಹಿಂದಕ್ಕೆ ಬಾಗಿರೋ ಕೋನ) 27 ಡಿಗ್ರಿ, ಟೈರ್ ಸೇರಿ ಚಕ್ರದ ಅರ್ಧವ್ಯಾಸ 305 ಮಿ.ಮೀ., ಆಫ್‌ಸೆಟ್ 60 ಅಂದರೆ ಟ್ರೇಲ್ 88 ಮಿ.ಮೀ. ಬರುತ್ತೆ. ಅದೇ ಓರೆಗೆ 30 ಆಫ್‌ಸೆಟ್ಟಿನ ಟೀ ಮತ್ತು 110/70-17 ಟೈರ್ (ಅರ್ಧವ್ಯಾಸ ಸುಮಾರು 293) ಹಾಕಿದರೆ 116 ಆಗುತ್ತೆ. ಘಾಟಿನ ಪ್ರತಿ ತಿರುವಿನಲ್ಲೂ ನಿಮ್ಮ ಭುಜಕ್ಕೆ ಗೊತ್ತಾಗುತ್ತೆ. ಇನ್ನು ಹೊಸ ಫೋರ್ಕ್ ಗಿಡ್ಡ, ಚಕ್ರವೂ ಚಿಕ್ಕದು. ಮುಂಭಾಗ 60 ಮಿ.ಮೀ. ಇಳಿದರೆ ಓರೆ ಹತ್ತಿರ ಹತ್ತಿರ ಎರಡೂವರೆ ಡಿಗ್ರಿ ಕಮ್ಮಿಯಾಗಿ ಟ್ರೇಲ್ ಮತ್ತೆ 100ರ ಆಸುಪಾಸಿಗೆ ಬರುತ್ತೆ. ಒಂದು ತಪ್ಪನ್ನು ಇನ್ನೊಂದು ಅರ್ಧ ಮುಚ್ಚುತ್ತೆ, ನಿಜ. ಆದರೆ ಸೈಲೆನ್ಸರ್‌ಗಳು ನೆಲಕ್ಕೆ ಹತ್ತಿರವಾಗುತ್ತವೆ, ಡಬಲ್ ಸ್ಟ್ಯಾಂಡ್ ಹಾಕೋಕೆ ಪ್ರಾಣ ಹೋಗುತ್ತೆ. ಅದಕ್ಕೇ ಹಳೇ ಫೋರ್ಕ್ ಬಿಚ್ಚೋ ಮುಂಚೆ ನಿಮ್ಮ ಗಾಡಿಯ ಓರೆ, ಆಫ್‌ಸೆಟ್, ಕೆಳಗಿನ ಟೀಯಿಂದ ಆಕ್ಸಲ್‌ಗೆ ಇರೋ ಉದ್ದ ಮೂರನ್ನೂ ಅಳೆದು ಬರೆದಿಟ್ಟುಕೊಳ್ಳಿ. ಬಿಚ್ಚಿದ ಮೇಲೆ ಅಳೆಯೋಕೆ ಏನೂ ಉಳಿಯಲ್ಲ.

ಪ್ರಶ್ನೆ ಕೇಳಿದವರು:
ಆರ್‌ಸಿ ಬದಲು ಡ್ಯೂಕ್ 390ರದ್ದು ಸಿಕ್ಕರೆ?

ಉತ್ತರ:
ಅದೇ ವಾಸಿ. ಎರಡಕ್ಕೂ 43 ಮಿ.ಮೀ. ಡಬ್ಲ್ಯೂಪಿ ಕಂಪನಿಯ ಫೋರ್ಕೇ. ಮೊದಲ ತಲೆಮಾರಿನ ಡ್ಯೂಕಿನದು 150 ಮಿ.ಮೀ. ಆಡುತ್ತೆ, ಆರ್‌ಸಿಯದು 125 ಅಷ್ಟೇ. ನಮ್ಮ ರಸ್ತೆಗೆ ಆ ಒಂದು ಇಂಚು ದೊಡ್ಡದು. ಇನ್ನೊಂದು, ಆರ್‌ಸಿಗೆ ಇರೋದು ಕ್ಲಿಪ್-ಆನ್ ಹ್ಯಾಂಡಲ್, ಮೇಲಿನ ಟೀಯಲ್ಲಿ ನಿಮ್ಮ ಉದ್ದ ಹ್ಯಾಂಡಲ್ ಕೂರಿಸೋ ಜಾಗವೇ ಇಲ್ಲ. ಡ್ಯೂಕಿನ ಟೀಗೆ ಇದೆ. ಯಾವುದಾದರೂ ಟೀ ಹಿಡಿಯೋದು ಮೇಲಿನ ದಪ್ಪ ಕೊಳವೆಯನ್ನು. ಪೂರ್ತಿ ತಿರುಗಿಸಿದಾಗ ಅದು ಟ್ಯಾಂಕಿಗೆ ಬಡಿಯುತ್ತೆ. ಹ್ಯಾಂಡಲ್ ಅಷ್ಟು ತಿರುಗದಂತೆ ತಡೆಯುವ ಲಾಕ್ ಸ್ಟಾಪರ್ ಹೊಸದಾಗಿ ಮಾಡಿಸಲೇಬೇಕು.

ಬಿದ್ದ ಗಾಡಿಯಿಂದ ತೆಗೆದ ಫೋರ್ಕ್ ಆದರೆ ಒಳಕೊಳವೆ ಬಿಚ್ಚಿಸಿ ದಪ್ಪ ಗಾಜಿನ ಮೇಲೆ ಉರುಳಿಸಿ, ಪಕ್ಕದಿಂದ ಟಾರ್ಚ್ ಬಿಡಿ. ಉರುಳುವಾಗ ಕೆಳಗಿಂದ ಕಾಣೋ ಬೆಳಕಿನ ಗೆರೆ ಒಮ್ಮೆ ದಪ್ಪ ಒಮ್ಮೆ ಸಣ್ಣ ಆದರೆ ಕೊಳವೆ ಬಗ್ಗಿದೆ, ಬೇಡ. ಬಿಲ್ ಇಲ್ಲದ ಮಾಲಂತೂ ಮುಟ್ಟಬೇಡಿ.

ಗುಂಪಿನ ಇನ್ನೊಬ್ಬರು:
ಫ್ರೇಮ್ ತಡೆಯುತ್ತಾ ಸರ್? ಆರ್‌ಟಿಒ ಕಥೆ ಏನು?

ಉತ್ತರ:
ಒಳ್ಳೇ ಪ್ರಶ್ನೆ. ರೋಡ್‌ಕಿಂಗ್ ಕತ್ತು ಡ್ರಮ್ ಬ್ರೇಕಿನ ಎಳೆತಕ್ಕೆ ಮಾಡಿದ್ದು. ಅಲ್ಲಿಗೆ 300 ಮಿ.ಮೀ. ಡಿಸ್ಕ್ ತಂದರೆ ಅಷ್ಟೂ ಬಲ ಕತ್ತಿನ ವೆಲ್ಡಿಂಗ್ ಮೇಲೆ ಬೀಳುತ್ತೆ. ಬಣ್ಣ ಪೂರ್ತಿ ಕೆರೆದು, ಡೈ ಪೆನಿಟ್ರೆಂಟ್ (ಕಣ್ಣಿಗೆ ಕಾಣದ ಬಿರುಕನ್ನು ತೋರಿಸುವ ಬಣ್ಣದ ದ್ರವ) ಹಚ್ಚಿ ಬಿರುಕು ನೋಡದೆ ನಾನು ಈ ಕೆಲಸ ಹಿಡಿಯಲ್ಲ. ಬಾಲ್ ಬದಲು ಟೇಪರ್ ರೋಲರ್ ಬೇರಿಂಗ್ ಹಾಕಬೇಕು. 200 ಕಿ.ಮೀ. ಓಡಿಸಿ ಬಂದ ಮೇಲೆ ಕತ್ತಿನ ನಟ್ ಮತ್ತೆ ಬಿಗಿ ನೋಡಬೇಕು.

ಕಾನೂನು ನಿಮ್ಮ ಪರ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಗಾಡಿಯ ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸಬಾರದು. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡೋದೇ ಅದನ್ನ. 2021ರ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಎ ಅಕ್ಷರ ಇರುವ ವಿಂಟೇಜ್ ನಂಬರ್ ಸಿಗುತ್ತೆ. ಈ 1984ರ ಗಾಡಿಗೆ 2034ಕ್ಕೆ ಐವತ್ತು. ಹಾಗಾಗಿ ಏನೇ ಮಾಡಿ, ಫ್ರೇಮಿಗೆ ಗ್ರೈಂಡರ್ ಮುಟ್ಟಿಸಬೇಡಿ. ಹಳೇ ಟೀ, ಫೋರ್ಕ್, ಡ್ರಮ್ ಚಕ್ರ, ಹೆಡ್‌ಲೈಟ್ ಕಿವಿ ಎಲ್ಲವನ್ನೂ ಆಯಿಲ್ ಹಚ್ಚಿ ಗೋಣಿಯಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಯೆಜ್ಡಿ ಮಾಡುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿಂದ ಬಂದ ಅಸಲಿ ಟೀ ಕಳೆದರೆ ಇನ್ನೊಂದು ಸಿಗೋದು ಕಷ್ಟ. ನನಗೆ ಈ ಗಾಡಿಗಳ ಮೇಲೆ ಪ್ರೀತಿ ಇದೆ, ಅದಕ್ಕೇ ಒತ್ತಿ ಹೇಳ್ತಿದೀನಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):
ಅಣ್ಣ, ನೀವು ಹೇಳಿದ ಹಾಗೆ ಚಕ್ರ ಎತ್ತಿ ನೋಡಿದೆ. ಹ್ಯಾಂಡಲ್ ನಡುವೆ ಬಂದು ಗಟ್ಟಿ ನಿಲ್ಲುತ್ತೆ. ಬಿಚ್ಚಿದರೆ ಕೆಳಗಿನ ಬಟ್ಟಲಿನಲ್ಲಿ ಕುಳಿ, ಒಂದು ಬಾಲ್ ಎರಡು ಹೋಳು. ಫೋರ್ಕ್ ಆಯಿಲ್ ಬಲಗಡೆ ಅರ್ಧ ಲೋಟವೂ ಬರಲಿಲ್ಲ, ಕಪ್ಪು ನೀರು.

ಉತ್ತರ:
ಹಾಗಾದರೆ ಡ್ಯೂಕ್ ಸದ್ಯಕ್ಕೆ ಬಿಡಿ. ಕೋನ್ ಸೆಟ್, ಎರಡೂ ಕಡೆ ಆಯಿಲ್ ಸೀಲ್, ಹೊಸ ಸ್ಪ್ರಿಂಗ್ ಹಾಕಿ, ಆಯಿಲನ್ನು ಅಳತೆ ಜಾರಲ್ಲಿ ಎರಡೂ ಕಾಲಿಗೆ ಸಮ ಹಾಕಿ. ಮುಂದಿನ ಬ್ರೇಕ್ ಶೂ ಡ್ರಮ್ಮಿಗೆ ಪೂರ್ತಿ ಕೂರುವಂತೆ ಲೇತ್‌ನಲ್ಲಿ ಹೊಂದಿಸಿ. ಆಮೇಲೆ ಅದೇ ಘಾಟ್ ಇಳಿದು ನೋಡಿ, ಇಲ್ಲೇ ಬರೆಯಿರಿ.