ಜಿಮ್ ಶುರು ಮಾಡಿದ ಮೇಲೆ ಮೈ ಬಿಗಿಯಾಗಿದೆ: ಕಬಡ್ಡಿ ಆಡುವವರ ಅನುಭವ ಬೇಕು

ಕೇಳಿದ್ದು: ಕಾಲೇಜು ತಂಡದಲ್ಲಿ ರೈಡರ್ ನಾನು, ಎದುರು ತಂಡದ ಅಂಗಳಕ್ಕೆ ನುಗ್ಗಿ ಮುಟ್ಟಿ ಬರುವವನು. ಆರು ತಿಂಗಳಿಂದ ಜಿಮ್‌ಗೆ ಹೋಗುತ್ತಿದ್ದೇನೆ. ತೊಡೆ ದಪ್ಪವಾಗಿದೆ, ತೂಕ 5 ಕೆಜಿ ಏರಿದೆ. ಆದರೆ ಕಾಲ್ಬೆರಳ ತುದಿಯಿಂದ ಎದುರಾಳಿಯನ್ನು ಮುಟ್ಟುವ ಟೋ ಟಚ್‌ಗೆ ಕಾಲು ಮೊದಲಿನಷ್ಟು ಚಾಚುತ್ತಿಲ್ಲ. ಜಿಮ್ ಬಿಟ್ಟುಬಿಡಲಾ?

ಹಳೆಯ ರೈಡರ್ ಒಬ್ಬರು: ಬಿಡಬೇಡಿ ತಮ್ಮಾ. ನನಗೂ ಹೀಗೇ ಆಗಿತ್ತು. ಮೈ ಬೆಳೆದಿದ್ದಕ್ಕೇ ಬಿಗಿಯಾಯಿತು ಅಂದುಕೊಂಡಿದ್ದೆ. ನಿಜವಾದ ತಪ್ಪು ಸ್ಕ್ವಾಟ್‌ನಲ್ಲಿತ್ತು. ಭಾರ ಜಾಸ್ತಿ ಹಾಕುವ ಆಸೆಗೆ ಅರ್ಧಕ್ಕೇ ಕೂತು ಏಳುತ್ತಿದ್ದೆ. ಕಾಲು ಅಷ್ಟಕ್ಕೇ ಒಗ್ಗಿಹೋಗಿತ್ತು.

ಗರಡಿಯಲ್ಲಿ ಬಸ್ಕಿ ಹೊಡೆಯುವವರನ್ನು ನೋಡಿ. ತೊಡೆ ಮೀನಖಂಡಕ್ಕೆ ತಾಗುವ ತನಕ ಕೂರುತ್ತಾರೆ ಅಲ್ವಾ? ನಾನೂ ಭಾರ ಇಳಿಸಿ ಹಾಗೆ ಪೂರ್ತಿ ಕೂರಲು ಶುರು ಮಾಡಿದೆ. ಜೊತೆಗೆ ರೊಮೇನಿಯನ್ ಡೆಡ್‌ಲಿಫ್ಟ್, ಅಂದರೆ ಭಾರ ಹಿಡಿದು, ಮಂಡಿ ಹೆಚ್ಚು ಮಡಚದೆ ಸೊಂಟದಿಂದ ಮುಂದಕ್ಕೆ ಬಾಗಿ ಏಳುವುದು. ತೊಡೆಯ ಹಿಂಬದಿ ಎಳೆಯುವ ತನಕ ನಿಧಾನವಾಗಿ ಇಳಿಸುತ್ತಿದ್ದೆ. ಸ್ನಾಯು ಹೀಗೆ ಎಳೆದು ನಿಂತಾಗ ಭಾರ ಹೊತ್ತರೆ ಬಲವೂ ಬರುತ್ತದೆ, ಮೈಯೂ ಬಾಗುತ್ತದೆ. ಮೂರು ತಿಂಗಳಿಗೆ ನನ್ನ ಕಾಲು ಮತ್ತೆ ಚಾಚಲು ಬಂತು.

ಇನ್ನೊಂದು ಮಾತು. ಬಲವೇ ಬೇರೆ, ಗಾತ್ರವೇ ಬೇರೆ. 3ರಿಂದ 5 ಸಲವಷ್ಟೇ ಎತ್ತಲು ಆಗುವ ಭಾರ, ಸೆಟ್ ನಡುವೆ 3 ನಿಮಿಷ ವಿರಾಮ, ಇದು ಬಲಕ್ಕೆ. 8ರಿಂದ 12 ಸಲ, ಇನ್ನು ಆಗಲ್ಲ ಅನ್ನುವ ತನಕ ಎತ್ತಿದರೆ ಗಾತ್ರ ಬರುತ್ತದೆ. ಟೂರ್ನಿ ಹತ್ತಿರ ಬಂದಾಗ ಎರಡನೆಯದನ್ನು ಕಡಿಮೆ ಮಾಡಿ. ಕಬಡ್ಡಿಯಲ್ಲಿ ತೂಕದ ಮಿತಿಯೂ ಇದೆ. ಆ 30 ಸೆಕೆಂಡಿನ ರೈಡ್‌ನಲ್ಲಿ ಏರಿಸಿಕೊಂಡ ಒಂದೊಂದು ಕೆಜಿಯನ್ನೂ ನೀವೇ ಹೊತ್ತು ತಿರುಗಬೇಕು.

ಕಾರ್ನರ್‌ನಲ್ಲಿ (ಅಂಗಳದ ಮೂಲೆಯಲ್ಲಿ ನಿಂತು ರೈಡರ್‌ನನ್ನು ಹಿಡಿಯುವ ಜಾಗ) ಆಡುವ ಒಬ್ಬರು: ಅಣ್ಣ ಹೇಳಿದ್ದು ಸರಿ. ನಾನು ಮ್ಯಾಚಿಗೆ ಮುಂಚೆ ಕೂತು, ನಿಮಿಷಗಟ್ಟಲೆ ಕಾಲು ಚಾಚಿ ಹಿಡಿಯುತ್ತಿದ್ದೆ. ಮ್ಯಾಟ್‌ಗೆ ಇಳಿದರೆ ಕಾಲಲ್ಲಿ ಚಿಮ್ಮುವ ಬಲವೇ ಇರುತ್ತಿರಲಿಲ್ಲ. ಈಗ ಮುಂಚೆ ಕಾಲು ಬೀಸುವುದು, ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಮಡಚಿ ಇಳಿಯುವುದು), ಸಣ್ಣ ಓಟ ಅಷ್ಟೇ. ಹಿಡಿದು ಚಾಚುವುದೆಲ್ಲ ಅಭ್ಯಾಸ ಮುಗಿದ ಮೇಲೆ, ಒಂದೊಂದು ಕಾಲಿಗೆ 30 ಸೆಕೆಂಡು.

ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು) ಹರಿದುಕೊಂಡು ಆರು ವಾರ ಹೊರಗೆ ಕೂತು ನೋಡಿದವಳು ನಾನು. ಆಮೇಲೆ ನಾರ್ಡಿಕ್ ಕರ್ಲ್ ಬಿಟ್ಟಿಲ್ಲ. ಮಂಡಿಯೂರಿ ಕೂರುತ್ತೇನೆ, ಗೆಳತಿ ಹಿಮ್ಮಡಿ ಒತ್ತಿ ಹಿಡಿಯುತ್ತಾಳೆ, ನಿಧಾನವಾಗಿ ಮುಂದಕ್ಕೆ ವಾಲುತ್ತೇನೆ. ಮೊದಮೊದಲು ವಾರಕ್ಕೊಂದು ದಿನ, 5 ಸಲ ಸಾಕು. ಮರುದಿನ ಕಾಲು ಹಿಡಿದುಕೊಳ್ಳುತ್ತದೆ, ಹಾಗಾಗಿ ಮ್ಯಾಚಿನ ಹಿಂದಿನ ದಿನ ಖಂಡಿತ ಬೇಡ.

ಅಂದಹಾಗೆ, ಕಾಲು ಚಾಚಿದಾಗ ಬರೀ ಬಿಗಿಯಾ, ಇಲ್ಲ ಸೊಂಟದಿಂದ ಕೆಳಗೆ ಚುಚ್ಚಿದಂತೆ ನೋವು ಇಳಿಯುತ್ತಾ? ಇಳಿಯುತ್ತಿದ್ದರೆ ಮೊದಲು ಫಿಸಿಯೋಗೆ ತೋರಿಸಿ, ಆಮೇಲೆ ಭಾರ ಮುಟ್ಟಿ.