ಅಪ್‌ಡೇಟ್: ಪ್ಯಾರಾಲೀಗಲ್ ಸರ್ಟಿಫಿಕೇಟ್‌ಗೆ ಹಣ ಕಟ್ಟಲಿಲ್ಲ

ಸಾಲ ಮಾಡಿ ₹28,000 ಕಟ್ಟಿ ಆರು ತಿಂಗಳ ಪ್ಯಾರಾಲೀಗಲ್ (ಕಾನೂನು ಕೆಲಸದಲ್ಲಿ ವಕೀಲರಿಗೆ ನೆರವಾಗುವವರ) ಸರ್ಟಿಫಿಕೇಟ್ ಕೋರ್ಸ್‌ಗೆ ಸೇರಬಹುದೇ ಎಂದು ಯುಗಾದಿಯ ಹೊತ್ತಿಗೆ ಇಲ್ಲಿ ಕೇಳಿದ್ದೆ. ಸೇರಲಿಲ್ಲ. "ಮೊದಲು ವಕೀಲರ ಕಚೇರಿಯಲ್ಲಿ ಕುಳಿತು ನೋಡಿ" ಎಂದವರಿಗೆ ನಾನು ಋಣಿ.

ಕೋಲಾರದಲ್ಲಿ ನಾಲ್ವರು ವಕೀಲರನ್ನು ಕಂಡೆ. ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ಕನ್ನಡ ಟೈಪಿಂಗ್ ಬರುತ್ತದೆಯೇ, ಪಹಣಿ ಓದಲು ಬರುತ್ತದೆಯೇ ಎಂದಷ್ಟೇ ಕೇಳಿದರು. ಈಗ ಒಬ್ಬರ ಬಳಿ ತಿಂಗಳಿಗೆ ₹9,000 ಸಂಬಳಕ್ಕಿದ್ದೇನೆ. ಕೋರ್ಸ್ ಮುಗಿಸಿದರೂ ಕೋರ್ಟಿನಲ್ಲಿ ವಕಾಲತ್ತು ವಹಿಸುವಂತಿಲ್ಲ. 1961ರ ವಕೀಲರ ಕಾಯ್ದೆಯಂತೆ ಅದು ನೋಂದಾಯಿತ ವಕೀಲರ ಹಕ್ಕು. ಕೋರ್ಸ್‌ನವರು ಇದನ್ನು ಬಾಯಿಬಿಟ್ಟು ಹೇಳಲೇ ಇಲ್ಲ, ನನಗೆ ಸಿಟ್ಟಿರುವುದು ಅದಕ್ಕೇ.

ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರೆಕಾನೂನು ಸ್ವಯಂಸೇವಕಿಯಾಗಲು (ಪ್ಯಾರಾಲೀಗಲ್ ವಾಲಂಟಿಯರ್) ಅರ್ಜಿ ಹಾಕಿದ್ದೇನೆ. ತರಬೇತಿಗೆ ಶುಲ್ಕವಿಲ್ಲ, ಸಿಗುವುದು ಸಂಬಳವಲ್ಲ, ಕೆಲಸ ಮಾಡಿದ ದಿನದ ಗೌರವಧನ.

ಕಳೆದ ವಾರ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಮಡಿಕೆಯಲ್ಲೇ ಹರಿದಿದ್ದ ಪಹಣಿ ತೆಗೆದು, "ವಕೀಲರಿಗೆ ಕೊಡಲು ದುಡ್ಡಿಲ್ಲ ಕಣಮ್ಮ" ಎಂದರು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ಎಷ್ಟೇ ಇದ್ದರೂ ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವಿದೆ ಎಂದು ತಿಳಿಸಿ, ಅರ್ಜಿ ಬರೆದುಕೊಟ್ಟೆ. ಹೆಬ್ಬೆಟ್ಟು ಒತ್ತಿದವರು ಆ ಪಹಣಿಯನ್ನು ನನ್ನ ಕೈಗೇ ಕೊಟ್ಟು, ಜೆರಾಕ್ಸ್ ಮಾಡಿಸಿ ಜೋಪಾನವಾಗಿಡು ಎಂದರು.